ಕೆಚ್ಚು, ಗಾಜು, ಕಬ್ಬಿಣ: ಕರ್ನಾಟಕದ ಮನೆಕಿಟಕಿಯ ಚರಿತ್ರೆ

ಕರ್ನಾಟಕದ ಹಳೆಯ ಮನೆಗಳಿಗೆ ಬೆಳಕು ಬರುತ್ತಿದ್ದುದು ಹೆಚ್ಚಾಗಿ ಮೇಲಿನಿಂದ. ಹಳೇ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ನಡುವಿನ ತೊಟ್ಟಿ ಆಕಾಶಕ್ಕೆ ತೆರೆದಿರುತ್ತಿತ್ತು. ಉತ್ತರದ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಸೂರಿಗೆ ಬಿಟ್ಟ ಬೆಳಕಿಂಡಿಯಿಂದ ಬಿಸಿಲು ಒಳಗೆ ಇಳಿಯುತ್ತಿತ್ತು, ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಮಳೆ ಬಂದಾಗ ಅದರ ಬಾಯಿಗೆ ಕಲ್ಲನ್ನೋ ತಗಡನ್ನೋ ಮುಚ್ಚುತ್ತಿದ್ದರು. ಮಲೆನಾಡಿನಲ್ಲಿ ಒಳ ಅಂಗಳ ಮತ್ತು ಜಗಲಿ ಈ ಕೆಲಸ ಮಾಡುತ್ತಿದ್ದವು. ಗೋಡೆಯ ಕಿಟಕಿಗೆ ಉಳಿಯುತ್ತಿದ್ದುದು ಸಣ್ಣ ಪಾಲು: ಬೀದಿಯಲ್ಲಿ ಯಾರು ಬಂದರೆಂದು ನೋಡುವುದು, ರಾತ್ರಿ ಸ್ವಲ್ಪ ಗಾಳಿ ಆಡಿಸುವುದು, ಕಣಜದ ಕೋಣೆ ಮುಗ್ಗಲು ಹಿಡಿಯದಂತೆ ನೋಡಿಕೊಳ್ಳುವುದು.

ದೊಡ್ಡ ಕಿಟಕಿ ಮಾಡುವ ಜಾಣ್ಮೆ ಇರಲಿಲ್ಲವೆಂದು ಇದರ ಅರ್ಥವಲ್ಲ. ಸುಮಾರು 740ರಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಒಂದಕ್ಕಿಂತ ಒಂದು ಭಿನ್ನ ವಿನ್ಯಾಸದ ಕಲ್ಲಿನ ಜಾಲಂಧ್ರಗಳಿವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ ಮೊದಲು ತೆರೆದೇ ಇತ್ತು. ಕಂಬಗಳ ನಡುವಿನ ಜಾಲಂಧ್ರಗಳನ್ನು ನಂತರ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕೂಡಿಸಿದರು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಜಾಲರಿ ಮಾಡಿದ್ದಾರೆ. ಬಿಸಿಲಿನ ಝಳವನ್ನು ಹೊರಗಿಟ್ಟು ಗಾಳಿಯನ್ನಷ್ಟೇ ಒಳಗೆ ಬಿಡುವ ಬಗೆ ಇಲ್ಲಿನ ಶಿಲ್ಪಿಗಳಿಗೆ ಕರಗತವಾಗಿತ್ತು. ಆದರೆ ಅಂಥ ಕೆಲಸಕ್ಕೆ ದೊರೆಯ ಬೊಕ್ಕಸ ಬೇಕು. ರೈತನ ಮನೆಗೆ ಕಿಟಕಿಯೆಂದರೆ ಗೋಡೆಯಲ್ಲಿ ಎಷ್ಟು ತೂತು ಬಿಡಬಹುದು, ಅದನ್ನು ಯಾವುದರಿಂದ ಮುಚ್ಚಬಹುದು ಎಂಬ ಲೆಕ್ಕಾಚಾರ.

ಆ ಲೆಕ್ಕಕ್ಕೆ ಗಟ್ಟಿ ಕಾರಣಗಳಿದ್ದವು. ಮಣ್ಣಿನ ಗೋಡೆ ಎರಡು ಮೂರು ಅಡಿ ದಪ್ಪ; ಅದರಲ್ಲಿ ಅಗಲವಾದ ಬಾಯಿ ತೆರೆದರೆ ಮೇಲಿನ ಭಾರ ಹೊರಲು ದಪ್ಪ ಮರದ ತೊಲೆ ಬೇಕು. ಕಳ್ಳಕಾಕರ ಭಯವಿತ್ತು. ಸಾಮಾನ್ಯರ ಕೈಗೆ ಗಾಜು ಎಟುಕುತ್ತಿರಲಿಲ್ಲ, ಹೀಗಾಗಿ ಕದ ಮುಚ್ಚಿದರೆ ಕತ್ತಲೆ, ತೆರೆದರೆ ಇರಚಲು. ಎಲ್ಲಕ್ಕಿಂತ ಮಿಗಿಲಾಗಿ, ಬೇಸಿಗೆಯಲ್ಲಿ ಸಣ್ಣ ಕಿಟಕಿಯ ದಪ್ಪ ಗೋಡೆಯ ಮನೆ ತಂಪಾಗಿರುತ್ತಿತ್ತು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಅಗ್ಗದ ಉಪಾಯ ಮತ್ತೊಂದಿರಲಿಲ್ಲ. ಆ ಮನೆಗಳನ್ನು ಅಜ್ಞಾನದ ಗುರುತೆಂದು ಮುಂದೆ ಹಳಿದವರು ಈ ಮಾತನ್ನು ಗಮನಿಸಲಿಲ್ಲ.

ಕಿಟಕಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆಗ ಮರದಲ್ಲಿಯೇ ತೀರ್ಮಾನವಾಗುತ್ತಿತ್ತು. ತೇಗ ಮತ್ತು ಬೀಟೆ ಸರ್ಕಾರದ ಹಿಡಿತದಲ್ಲಿದ್ದ ಮರಗಳು. ಊರವರು ತಮ್ಮ ಹಿತ್ತಿಲು, ಹೊಲಗಳಲ್ಲಿ ಸಿಕ್ಕಿದ್ದನ್ನು ಬಳಸುತ್ತಿದ್ದರು. ಕರಾವಳಿ, ಮಲೆನಾಡುಗಳಲ್ಲಿ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ. ಬಯಲುಸೀಮೆಯಲ್ಲಿ ಬೇವು, ಜಾಲಿ. ಬಡಗಿ ಮರವನ್ನು ಆರಿಸುವಾಗ ಮೊದಲು ನೋಡುತ್ತಿದ್ದುದು ಕೆಚ್ಚನ್ನು. ತೊಗಟೆಯ ಕೆಳಗಿನ ಬಿಳಿ ಭಾಗದಲ್ಲಿ ಸಕ್ಕರೆ, ಪಿಷ್ಟಗಳ ಅಂಶ ಇರುವುದರಿಂದ ಹುಳು, ಗೆದ್ದಲು ಬೇಗ ಹತ್ತುತ್ತವೆ. ಒಳಗಿನ ಕೆಚ್ಚು ತನ್ನ ಎಣ್ಣೆ ಮತ್ತು ಅಂಟಿನಂಶದಿಂದ ತಲೆಮಾರುಗಳ ಕಾಲ ನಿಲ್ಲುತ್ತದೆ. ಕಡಿದ ಮರವನ್ನು ಕೂಡಲೇ ಕೊಯ್ದು ಕೂಡಿಸಿದರೆ ಅದು ಒಣಗುತ್ತಾ ಸೊಟ್ಟಗಾಗುತ್ತದೆ, ಕದ ಚೌಕಟ್ಟಿಗೆ ಕೂರುವುದಿಲ್ಲ. ಆದ್ದರಿಂದ ಮನೆ ಕಟ್ಟುವ ಯೋಚನೆ ಬಂದ ವರ್ಷವೇ ಮರ ಕಡಿಸಿ ನೆರಳಿನಲ್ಲಿ ಒಟ್ಟಿ ಒಣಗಲು ಬಿಡುತ್ತಿದ್ದರು. ಕೆಲವರು ದಿಮ್ಮಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸುತ್ತಿದ್ದರು. ಹಣವಿಲ್ಲದವರಿಗೂ ಸಮಯವಿತ್ತು, ಆ ಸಮಯವೇ ಅವರ ಕಿಟಕಿಗೆ ಗುಣಮಟ್ಟ ತಂದುಕೊಟ್ಟಿತು. ಇಂದು ಆತುರದಲ್ಲಿ ಮುಗಿಯುವ ಮನೆಗಳಲ್ಲಿ ಹಸಿ ಮರದ ಚೌಕಟ್ಟು ವರ್ಷದೊಳಗೆ ಬಿರುಕು ಬಿಡುವುದನ್ನು ನೋಡಿದರೆ ಆ ಕಾಯುವಿಕೆಯ ಬೆಲೆ ತಿಳಿಯುತ್ತದೆ.

ಚೌಕಟ್ಟಿನ ನಾಲ್ಕು ಮೂಲೆಗಳನ್ನು ಮೊಳೆ ಹೊಡೆದು ಸೇರಿಸುತ್ತಿರಲಿಲ್ಲ. ಒಂದು ಮರದ ತುದಿಯನ್ನು ಸಣ್ಣದಾಗಿ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಗೆ ಬಿಗಿಯಾಗಿ ಕೂರಿಸಿ, ಅಡ್ಡಲಾಗಿ ಬಿದಿರಿನ ಬೆಣೆ ಬಡಿಯುತ್ತಿದ್ದರು. ಮರ ಹಿಗ್ಗಿದರೂ ಕುಗ್ಗಿದರೂ ಆ ಕೂಡಿಕೆ ಬಿಡುತ್ತಿರಲಿಲ್ಲ. ಕದ ತಿರುಗಲು ಕಬ್ಬಿಣದ ಹಿಂಜು ಬೇಕೇ ಬೇಕೆಂದೇನೂ ಇರಲಿಲ್ಲ. ಕದದ ಹಲಗೆಯ ಮೇಲೂ ಕೆಳಗೂ ಬಿಟ್ಟ ಗೂಟಗಳು ಚೌಕಟ್ಟಿನ ತೂತುಗಳಲ್ಲಿ ತಿರುಗುತ್ತಿದ್ದವು. ನಡುವೆ ನೆಟ್ಟಗೆ ನಿಲ್ಲಿಸಿದ ಮರದ ಸರಳುಗಳು. ಕೊಡಗಿನ ಐನ್‌ಮನೆ, ತುಳುನಾಡಿನ ಗುತ್ತಿನ ಮನೆಗಳಲ್ಲಿ ಈ ಸರಳುಗಳಿಗೂ ಚೌಕಟ್ಟಿಗೂ ಕೆತ್ತನೆ ಬಂತು. ಬಡವರ ಮನೆಯಲ್ಲಿ ಅದೇ ಕಿಟಕಿ ಕೆತ್ತನೆಯಿಲ್ಲದೆ ನಿಂತಿತು. ರಚನೆ ಎರಡಕ್ಕೂ ಒಂದೇ ಆಗಿದ್ದುದು ಆ ಕಾಲದ ಬಡಗಿ ಕಸುಬಿನ ಹಿರಿಮೆ. ಮಲೆನಾಡಿನಲ್ಲಿ ಮಳೆಗಾಲ ಹತ್ತಿರವಾದಾಗ ಗಾಳಿಮಳೆ ಬೀಸುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆಯನ್ನೂ ಕಿಟಕಿಯನ್ನೂ ಕಾಪಾಡುವ ಪದ್ಧತಿ ಇತ್ತು. ನಾಲ್ಕು ತಿಂಗಳ ಆ ತಟ್ಟಿಯಿಂದ ಮರದ ಆಯುಸ್ಸು ಹೆಚ್ಚುತ್ತಿತ್ತು.

ಕಿಟಕಿಯನ್ನು ಮನೆಯ ಅಂಚಿನಿಂದ ನಡುವಿಗೆ ತಂದದ್ದು ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಸೋಂಕು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ರೋಗ ಹೇಗೆ ಹರಡುತ್ತದೆಂಬ ತಿಳಿವಳಿಕೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಕತ್ತಲೆ, ತೇವ, ಗಾಳಿಯಾಡದ ಕೋಣೆಗಳೇ ರೋಗದ ತವರೆಂದು ಅಧಿಕಾರಿಗಳು ನಂಬಿದ್ದರು. ಬಿಸಿಲು ಒಳಗೆ ಬೀಳಲೆಂದು ಮುಂಬೈಯಲ್ಲಿ ಮನೆಗಳ ಹೆಂಚನ್ನೇ ತೆಗೆಸಿದರು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹೊರುತ್ತದೆಂದು ಪಾಲ್ ಲೂಯಿ ಸಿಮೊಂದ್ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನು ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಕಾರಣ ಪೂರ್ತಿ ಸರಿಯಿರದಿದ್ದರೂ ಪರಿಣಾಮ ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿ, ಮನೆಯ ಸುತ್ತ ಬಿಟ್ಟ ಜಾಗಗಳೊಂದಿಗೆ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಬೆಂಗಳೂರು ಕಂಟೋನ್ಮೆಂಟಿನ ಮುನಿಸಿಪಲ್ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಪ್ಲೇಗು ತಟ್ಟದ ಬಡಾವಣೆಯಾಗಿ ಫ್ರೇಜರ್ ಟೌನನ್ನು ರೂಪಿಸಿ, ಆ ಅನುಭವವನ್ನು 1914ರಲ್ಲಿ ಪುಸ್ತಕವಾಗಿ ಬರೆದರು.

ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡಿದ್ದ ಪೇಟೆಯ ಮನೆಗೆ ಕಿಟಕಿ ಇಡಲು ಎರಡೇ ಬದಿ, ಮುಂದೆ ಮತ್ತು ಹಿಂದೆ. ಹೊಸ ಬಡಾವಣೆಯಲ್ಲಿ ನಾಲ್ಕೂ ಬದಿ ತೆರೆದುಕೊಂಡವು. ಒಂದು ಕಿಟಕಿಯಿಂದ ಬಂದ ಗಾಳಿ ಎದುರಿನದರಿಂದ ಹೊರಗೆ ಹೋಗಬೇಕೆಂಬ ವಿಚಾರ ಮಧ್ಯಮ ವರ್ಗದ ಮನೆಯೊಳಗೆ ಬಂದದ್ದು ಆಗ.

ಹೊಸ ಮನೆಗಳ ಕಿಟಕಿಗೆ ಮಾದರಿ ಕಂಟೋನ್ಮೆಂಟಿನ ಬಂಗಲೆಗಳಿಂದ ಬಂತು. 1809ರಿಂದ ಬೆಳೆದ ದಂಡಿನ ಪ್ರದೇಶದಲ್ಲಿ ಇಂಗ್ಲಿಷರು ಎತ್ತರದ ಕಿಟಕಿಗಳ ಮನೆಗಳನ್ನು ಕಟ್ಟಿಕೊಂಡಿದ್ದರು. ಆ ಎತ್ತರದ ಬಾಯಿಗೆ ಬಿಸಿಲು, ಮಳೆ ಹೊಡೆಯದಂತೆ ಮರದ ಪಟ್ಟಿಗಳನ್ನು ನೆಟ್ಟಗೆ ಜೋಡಿಸಿ, ಮೇಲೆ ಮೊನಚಾದ ಮಾಡು ಕೂಡಿಸಿದರು. ಬೆಂಗಳೂರಿಗರು ಇದನ್ನು ಮಂಕಿ ಟಾಪ್ ಎನ್ನುತ್ತಾರೆ. ನೋಡಲು ಅಲಂಕಾರವೆನಿಸಿದರೂ ಇದು ಕೆಲಸದ ವಸ್ತು. ಪಟ್ಟಿಗಳ ಸಂದಿನಿಂದ ಗಾಳಿ ಹಾಯುತ್ತದೆ, ಮಾಡಿನ ಇಳಿಜಾರು ನೀರನ್ನು ಹೊರಗೆ ಚೆಲ್ಲುತ್ತದೆ, ಚೌಕಟ್ಟು ಒದ್ದೆಯಾಗುವುದಿಲ್ಲ. ಬಂಗಲೆಗಳು ಒಂದೊಂದಾಗಿ ನೆಲಸಮವಾಗುತ್ತಿರುವ ಬೆಂಗಳೂರಿನಲ್ಲಿ ಅವುಗಳ ಜೊತೆ ಈ ಮಾಡುಗಳೂ ಹೋಗುತ್ತಿರುವುದು ದೊಡ್ಡ ನಷ್ಟ.

ಬಸವನಗುಡಿಯ ಗುಮಾಸ್ತನೋ ಮೇಷ್ಟ್ರೋ ಬಂಗಲೆಯನ್ನು ಹಾಗೆಯೇ ನಕಲು ಮಾಡಲಿಲ್ಲ. ಅವರ ಆದಾಯಕ್ಕೂ ಬೀದಿಗೂ ಹೊಂದುವ ನಾಲ್ಕು ಕದದ ಕಿಟಕಿಯೊಂದು ರೂಢಿಗೆ ಬಂತು. ಕೆಳಗೆ ಎರಡು ಕದ, ಮೇಲೆ ಎರಡು. ಕೆಳಗಿನವನ್ನು ಮುಚ್ಚಿದರೆ ಬೀದಿಯಲ್ಲಿ ಹೋಗುವವರ ಕಣ್ಣು ಒಳಗೆ ಬೀಳುವುದಿಲ್ಲ, ಮೇಲಿನವು ತೆರೆದಿದ್ದರೆ ಬೆಳಕಿಗೂ ಗಾಳಿಗೂ ಅಡ್ಡಿಯಿಲ್ಲ. ಮರದ ಸರಳಿನ ಜಾಗಕ್ಕೆ ಕಬ್ಬಿಣದ ಸರಳು ಬಂತು. ಗೋಡೆಯ ನೆತ್ತಿಯಲ್ಲಿ, ಸೂರಿಗೆ ಹತ್ತಿರವಾಗಿ, ಹಗ್ಗ ಎಳೆದು ತೆರೆಯುವ ವೆಂಟಿಲೇಟರ್ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಹನ್ನೆರಡು ಅಡಿ ಎತ್ತರದ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಸೂರಿನ) ಕೆಳಗೆ ಈ ಏರ್ಪಾಡು ಚೆನ್ನಾಗಿ ನಡೆಯಿತು. ಕಡಿಮೆ ಹಣದಲ್ಲಿ ಒಳ್ಳೆಯ ಕಿಟಕಿ ಎಂಬ ಮಾತಿಗೆ ಕರ್ನಾಟಕದ ನಗರಗಳು ಕೊಟ್ಟ ಅತ್ಯುತ್ತಮ ಉತ್ತರ ಬಹುಶಃ ಇದೇ.

ಗಾಜು ನಿಧಾನವಾಗಿ ಬಂತು. 1889ರ ಲಾಲ್‌ಬಾಗ್ ಗಾಜಿನ ಮನೆ, 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜುಗಳು ಜನರ ಬೆರಗಿಗೆ ವಸ್ತುವಾದವು. ಮನೆಗೆ ಮಾತ್ರ ಅದು ದುಬಾರಿ. ಗಾಜನ್ನು ಊದಿ ಉರುಳೆ ಮಾಡಿ, ಸೀಳಿ ಹರಡುತ್ತಿದ್ದ ಹಳೆಯ ವಿಧಾನದ ಬದಲಿಗೆ ಕುಲುಮೆಯಿಂದ ನೇರವಾಗಿ ಹಾಳೆಯಾಗಿ ಎಳೆಯುವ ಬೆಲ್ಜಿಯಂನ ಫೂರ್ಕೊ ವಿಧಾನ ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗೆ ಇಳಿಯಿತು. ಆಮೇಲೆ ಬೆಲೆ ತಗ್ಗಿತು. ಆಗಲೂ ಹೆಚ್ಚಿನವರು ಕದದ ಮೇಲ್ಭಾಗಕ್ಕೆ ಮಾತ್ರ ಗಾಜು ಹಾಕಿಸಿ ಕೆಳಗೆ ಹಲಗೆಯನ್ನೇ ಉಳಿಸಿಕೊಂಡರು. ಕರಾವಳಿಯವರಿಗೆ ಇನ್ನೂ ಅಗ್ಗದ ದಾರಿ ಸಿಕ್ಕಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಒಂದೇ ಅಳತೆಯ ಹೆಂಚುಗಳು ಬಂದವು. ಅದೇ ಅಳತೆಯ ಗಾಜಿನ ಹೆಂಚೊಂದನ್ನು ನಡುವೆ ಸೇರಿಸಿದರೆ ಅಡುಗೆಮನೆಗೆ ದಿನವಿಡೀ ಬೆಳಕು. ಚೌಕಟ್ಟು ಬೇಡ, ಕದ ಬೇಡ, ಚಿಲಕ ಬೇಡ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಎಷ್ಟೋ ಮನೆಗಳಲ್ಲಿ ಇಂದೂ ಅದೇ ಹೆಂಚು ಬೆಳಕು ಕೊಡುತ್ತಿದೆ.

ಸ್ವಾತಂತ್ರ್ಯದ ನಂತರದ ಮನೆಗಳನ್ನು ಸಿಮೆಂಟು ಬದಲಿಸಿತು. ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್, ಅದರಿಂದ ಮುಂದಕ್ಕೆ ಚಾಚಿದ ಸಜ್ಜಾ ಬಂದ ಮೇಲೆ ಅಗಲವಾದ ಕಿಟಕಿಗೆ ತೊಲೆಯ ಚಿಂತೆ ಉಳಿಯಲಿಲ್ಲ. ಸ್ನಾನದ ಮನೆ, ಮೆಟ್ಟಿಲ ಗೋಡೆಗಳಿಗೆ ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟ್ ಜಾಲರಿ ಸಿಕ್ಕಿತು. ಶಾಲೆ, ಆಸ್ಪತ್ರೆ, ಕಾರ್ಖಾನೆಯ ವಸತಿಗೃಹಗಳಿಗೆ ಉಕ್ಕಿನ ಕಿಟಕಿಗಳು ಬಂದವು: ತೆಳುವಾದ ಉಕ್ಕಿನ ಪಟ್ಟಿ, ಪುಟ್ಟಿ ಮೆತ್ತಿ ಕೂಡಿಸಿದ ಗಾಜು. ಗೆದ್ದಲಿನ ಭಯವಿಲ್ಲ, ಬೆಲೆ ಕಡಿಮೆ, ಬೆಳಕು ಹೆಚ್ಚು. ಬಣ್ಣ ಬಳಿಯುವುದನ್ನು ಎರಡು ಮೂರು ವರ್ಷ ಮರೆತರೆ ಮಾತ್ರ ತುಕ್ಕು ಕೀಲುಗಳನ್ನು ತಿನ್ನುತ್ತಿತ್ತು. ಕರಾವಳಿಯ ಉಪ್ಪುಗಾಳಿಯಲ್ಲಂತೂ ಅವು ನಿಲ್ಲಲಿಲ್ಲ.

ಗಾಳಿ ಬೆಳಕಿಗೆ ಅಂಕಿಯ ಅಳತೆ ಬಂದದ್ದು 1970ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯಿಂದ. ಬಿಸಿಲು ಹೆಚ್ಚಿರುವ ಒಣ ಹವೆಯ ಪ್ರದೇಶದಲ್ಲಿ ವಾಸದ ಕೋಣೆಯ ಕಿಟಕಿಗಳ ಒಟ್ಟು ವಿಸ್ತಾರ ನೆಲದ ಹತ್ತನೇ ಒಂದು ಪಾಲಿಗೆ ಕಡಿಮೆಯಿರಬಾರದು, ಬಿಸಿಲೂ ತೇವವೂ ಇರುವ ಪ್ರದೇಶದಲ್ಲಿ ಆರನೇ ಒಂದು ಪಾಲು ಬೇಕು ಎಂಬುದು ಸಂಹಿತೆಯ ಅಳತೆ. ಲೆಕ್ಕ ಸರಳ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ನೆಲ 120 ಚದರ ಅಡಿ. ಒಣ ಹವೆಯ ಊರಿನಲ್ಲಿ ಅದಕ್ಕೆ 12 ಚದರ ಅಡಿ ಕಿಟಕಿ ಸಾಕು, ಎಂದರೆ ನಾಲ್ಕು ಅಡಿಗೆ ಮೂರು ಅಡಿಯದು ಒಂದು. ಮಂಗಳೂರಿನಂಥ ಕಡೆ ಅದೇ ಕೋಣೆಗೆ 20 ಚದರ ಅಡಿ ಬೇಕು. ಮನೆ ಕಟ್ಟುವವರಲ್ಲಿ ಎಷ್ಟೋ ಮಂದಿ ಕಿಟಕಿಯ ಸಂಖ್ಯೆಯನ್ನು ಸಮವೋ ಬೆಸವೋ ಎಂದು ಎಣಿಸಿದರೇ ಹೊರತು ಈ ಲೆಕ್ಕವನ್ನು ಹಾಕಲಿಲ್ಲ.

ಕಿಟಕಿಯ ಖರ್ಚನ್ನು ತಳಮಟ್ಟದಿಂದ ಪ್ರಶ್ನಿಸಿದವರು ಲಾರಿ ಬೇಕರ್. 1970ರ ಸುಮಾರಿಗೆ ತಿರುವನಂತಪುರದಲ್ಲಿ ನೆಲೆಸಿ ಕೇರಳದ ಬಡವರಿಗೆ ಮನೆ ಕಟ್ಟಿದ ಈ ಇಂಗ್ಲಿಷ್ ವಾಸ್ತುಶಿಲ್ಪಿ, ಅದೇ ಅಳತೆಯ ಗೋಡೆಗಿಂತ ಕಿಟಕಿ ಹಲವು ಪಟ್ಟು ದುಬಾರಿ ಎಂದು ಲೆಕ್ಕ ಹಾಕಿ ತೋರಿಸಿದರು. ಚೌಕಟ್ಟು ನಿಜಕ್ಕೂ ಬೇಕೇ, ಬೆಳಕಿಗಷ್ಟೇ ಆದರೆ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಜಾಲರಿ ಸಾಲದೇ ಎಂದು ಕೇಳಿದರು. ಮೇಲೊಂದು ಕುಳಿ, ಕೆಳಗೊಂದು ಕುಳಿ ಮಾಡಿ ಅದರಲ್ಲಿ ನೆಟ್ಟಗೆ ತಿರುಗುವ ಒಂದೇ ಹಲಗೆಯ ಕಿಟಕಿ ಅವರ ಅತಿ ಸರಳ ವಿನ್ಯಾಸ. ಹಿಂಜು ಇಲ್ಲದೆ ಗೂಟದ ಮೇಲೆ ತಿರುಗುತ್ತಿದ್ದ ನಮ್ಮ ಹಳ್ಳಿಯ ಕದಕ್ಕೆ ಅದು ಬಲು ಹತ್ತಿರದ ನಂಟು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಆಸ್ತ್ರ ಕೇಂದ್ರ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿತು. ಮುಂದೆ ಅಗ್ಗದ ಕಟ್ಟಡ ವಿಧಾನಗಳನ್ನು ಹರಡುವ ನಿರ್ಮಿತಿ ಕೇಂದ್ರಗಳು ಇಂಥ ವಿಧಾನಗಳನ್ನು ಜಿಲ್ಲೆಗಳಿಗೆ ಒಯ್ದವು. ಇಷ್ಟಾದರೂ ಮಧ್ಯಮ ವರ್ಗ ಜಾಲರಿಯನ್ನು ಬಡತನದ ಗುರುತೆಂದು ದೂರವಿಟ್ಟಿತು. ಸೊಳ್ಳೆಯ ಕಾಟ, ಮುಚ್ಚಲಾಗದ ಸಂದುಗಳಿಂದ ಬರುವ ಧೂಳು ಕೂಡ ಅದಕ್ಕೆ ಕಾರಣವೆನ್ನಬೇಕು.

ಅಷ್ಟರಲ್ಲಿ ಮರ ದುರ್ಲಭವಾಯಿತು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1980ರ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆ, ಕೊನೆಗೆ 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳು ಮರ ಕಡಿಯುವುದಕ್ಕೆ ಕಡಿವಾಣ ಹಾಕಿದವು. ಕಾಡಿಗೆ ಅದು ಬೇಕಾಗಿತ್ತು. ದಾಂಡೇಲಿಯ ಡಿಪೊದಲ್ಲಿ ಹರಾಜಾಗುವ ತೇಗ ಸಾಮಾನ್ಯರ ಕೈಗೆ ನಿಲುಕದಂತಾಗಿ, ನವಮಂಗಳೂರು ಬಂದರಿಗೆ ಮಲೇಷ್ಯಾ, ಬರ್ಮಾ, ಆಫ್ರಿಕಾಗಳ ದಿಮ್ಮಿಗಳು ಬಂದು ಇಳಿದವು. ಅಂಗಡಿಯಲ್ಲಿ ಹೊನ್ನೆ, ಸಾಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ವಿದೇಶಿ ಮರದ ಜಾತಿಯನ್ನೂ ವಯಸ್ಸನ್ನೂ ಗುರುತಿಸುವುದು ಹಳೆಯ ಬಡಗಿಗೂ ಕಷ್ಟವಾಯಿತು. ಕೆಚ್ಚು ನೋಡಿ ಕೊಳ್ಳುವ ವಿದ್ಯೆ ಹೀಗೆ ಎರಡೇ ದಶಕಗಳಲ್ಲಿ ಸೊರಗಿತು. ಬೆಂಗಳೂರು, ಕೋಲಾರದ ಕಡೆ ಚೌಕಟ್ಟಿಗೆ ಗ್ರಾನೈಟ್ ಪಟ್ಟಿ ಬಂತು. ಕರಾವಳಿಯಲ್ಲಿ ಕಾಂಕ್ರೀಟಿನ ದಾರಂದ ಬಂತು.

ಮರದ ಜಾಗವನ್ನು ಮೊದಲು ಹಿಡಿದದ್ದು ಅಲ್ಯೂಮಿನಿಯಂ. 1980, 90ರ ದಶಕಗಳಲ್ಲಿ ಸರಿಸುವ ಕಿಟಕಿ ನಗರದ ಮನೆಗಳಿಗೆ ಹಬ್ಬಿತು. ತುಕ್ಕು ಹಿಡಿಯದು, ಹಗುರ, ಬಣ್ಣ ಬೇಡ. 1990ರ ದಶಕದಿಂದ ದೇಶದಲ್ಲೇ ತಯಾರಾದ ಫ್ಲೋಟ್ ಗಾಜು, ಕರಗಿದ ತವರದ ಮೇಲೆ ತೇಲಿಸಿ ಮಾಡುವ ಸಪಾಟಾದ ಗಾಜು, ದೊಡ್ಡ ಅಳತೆಯಲ್ಲಿ ಸಿಗತೊಡಗಿತು. ಆದರೆ ಸರಿಸುವ ಕಿಟಕಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಎರಡು ಹಳಿಯ ಕಿಟಕಿಯಲ್ಲಿ ಒಂದು ಕದ ಇನ್ನೊಂದರ ಹಿಂದೆ ಹೋಗುವುದರಿಂದ ಯಾವಾಗಲೂ ಅರ್ಧವೇ ತೆರೆಯುತ್ತದೆ. ನಾಲ್ಕಕ್ಕೆ ಮೂರರ ಕಿಟಕಿ 12 ಚದರ ಅಡಿಯದಾದರೂ ಗಾಳಿಗೆ ಸಿಗುವುದು ಆರೇ ಚದರ ಅಡಿ. ಇದೇ ಹೊತ್ತಿಗೆ ಸೂರು ಹತ್ತು ಅಡಿಗೆ ಇಳಿಯಿತು, ಫ್ಯಾನು ತಿರುಗತೊಡಗಿತು, ನೆತ್ತಿಯ ವೆಂಟಿಲೇಟರ್ ಮಾಯವಾಯಿತು. ಸಜ್ಜಾ ಕೂಡ ಎಷ್ಟೋ ಮನೆಗಳಲ್ಲಿ ನೆಪಮಾತ್ರಕ್ಕೆ ಉಳಿಯಿತು. ಬೆಲೆಬಾಳುವ ಗಾಜಿನ ಹಿಂದೆ ಕೋಣೆ ಕಾಯುವಂತಾದದ್ದು ಹೀಗೆ.

2000ದ ನಂತರ ಬಂದ ಯುಪಿವಿಸಿ ಕಿಟಕಿ ಈಗ ಹೊಸ ಮನೆಗಳ ಸಾಮಾನ್ಯ ಆಯ್ಕೆ. ಇದರ ಬೇರು 1950ರ ದಶಕದ ಜರ್ಮನಿಯಲ್ಲಿದೆ. ಟೊಳ್ಳಾದ ಪ್ಲಾಸ್ಟಿಕ್ ಪಟ್ಟಿಯೊಳಗೆ ಹಲವು ಗೂಡುಗಳು, ಅವುಗಳಲ್ಲಿ ಬಲಕ್ಕೆ ಉಕ್ಕಿನ ಪಟ್ಟಿ, ಮೂಲೆಗಳಿಗೆ ಬಿಸಿ ಬೆಸುಗೆ, ಅಂಚಿಗೆ ರಬ್ಬರು. ಉಪ್ಪುಗಾಳಿಗೆ ಜಗ್ಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಸದ್ದೂ ಧೂಳೂ ಕಡಿಮೆ. ಬಿಸಿಲಿಗೆ ಹಳದಿಯಾಗಿ ಸೆಡೆಯದಂತೆ ಮಿಶ್ರಣಕ್ಕೆ ಟೈಟಾನಿಯಂ ಡೈಆಕ್ಸೈಡ್ ಸೇರಿಸಬೇಕು. ಅಗ್ಗದ ಮಾಲಿನಲ್ಲಿ ಕಳಚಿಕೊಳ್ಳುವುದು ಇದೇ, ಜೊತೆಗೆ ಒಳಗಿನ ಉಕ್ಕು. ಎರಡೂ ಕೊಳ್ಳುವವರ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಜಾಗರೂಕರಾದವರು ಪಟ್ಟಿಯ ಕತ್ತರಿಸಿದ ತುಂಡನ್ನು ತರಿಸಿ ನೋಡುತ್ತಾರೆ, ಉಕ್ಕು ಮೂಲೆಯಿಂದ ಮೂಲೆಗೆ ಹೋಗಿದೆಯೇ ಎಂದು ಕೇಳುತ್ತಾರೆ. ಮಲಗುವ ಕೋಣೆಗೆ ಪೂರ್ತಿ ತೆರೆಯುವ ಕದ, ನಡೆದಾಡುವ ಜಾಗವಿಲ್ಲದ ಕಡೆ ಮಾತ್ರ ಸರಿಸುವುದು, ಸೊಳ್ಳೆಯ ಬಲೆಗೆ ಬೇರೆಯೇ ಕದ ಎಂದು ಹಂಚಿಕೊಂಡವರಿಗೆ ಕೊಟ್ಟ ಹಣಕ್ಕೆ ತಕ್ಕ ಗಾಳಿ ಸಿಕ್ಕಿದೆ. ಎಲ್ಲ ಕಿಟಕಿಗೂ ಒಂದೆರಡೇ ಅಳತೆ ಇಟ್ಟುಕೊಂಡರೆ ಗಾಜಿನ ಕತ್ತರಿಕೆ ವ್ಯರ್ಥವಾಗುವುದಿಲ್ಲ. ಪಡುವಣ ಗೋಡೆಯಲ್ಲಿ ಕಿಟಕಿ ಕಿರಿದಾಗಿಸಿ ಉಳಿಸಿದ ಹಣದಲ್ಲಿ ಎರಡು ಅಡಿಯ ಸಜ್ಜಾ ಹಾಕಿಸುವುದು ಹಲವು ಎಂಜಿನಿಯರುಗಳು ಕೊಡುವ ಸಲಹೆ. ದಪ್ಪ ಗೋಡೆಯ ಕಾಲದವರಿಗೆ ಪಡುವಣ ಬಿಸಿಲಿನ ಈ ಪಾಠ ಗೊತ್ತೇ ಇತ್ತು.

ಇನ್ನೊಂದು ದಾರಿ ಹಳೆಯ ಕಿಟಕಿಯನ್ನೇ ಮತ್ತೆ ಬಳಸುವುದು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೆಡವಿದ ಮನೆಗಳ ಬಾಗಿಲು ಕಿಟಕಿಗಳನ್ನು ಮಾರುವ ಅಂಗಡಿಗಳಿವೆ. ದಶಕಗಳ ಕಾಲ ಒಣಗಿದ ತೇಗ, ಹಲಸಿನ ಚೌಕಟ್ಟು ಇನ್ನು ಸೊಟ್ಟಗಾಗುವುದಿಲ್ಲ, ಹೊಸ ತೇಗಕ್ಕಿಂತ ಅಗ್ಗ. ಕೊಳ್ಳುವವರು ಮೊದಲು ನೋಡುವುದು ಚೌಕಟ್ಟಿನ ಕೆಳಗಿನ ಅಡ್ಡಪಟ್ಟಿಯನ್ನು, ನೀರು ನಿಂತು ಕೊಳೆಯುವುದು ಅಲ್ಲಿಯೇ. ಮೊಳೆಯ ಮೊನೆಯಿಂದ ಒತ್ತಿದಾಗ ಇಳಿದುಹೋದರೆ ಆ ಪಟ್ಟಿಯನ್ನು ಬದಲಿಸಬೇಕಾಗುತ್ತದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಓಡಾಡಿದೆ ಎಂದರ್ಥ. ಉಳಿದ ಮರ ಗಟ್ಟಿಯಿದ್ದರೆ ಹಳೆಯ ಬಣ್ಣ ಕೆರೆದು, ಸಡಿಲಾದ ಬೆಣೆಗಳನ್ನು ಬದಲಿಸಿ, ಕದಕ್ಕೆ ಹೊಸ ಹಿಂಜು ಹಾಕಿಸುವುದು ಒಬ್ಬ ಬಡಗಿಯ ಕೆಲವು ದಿನಗಳ ಕೆಲಸ. ಹೊಸ ಗೋಡೆಯನ್ನು ಮಾತ್ರ ಆ ಕಿಟಕಿಯ ಅಳತೆಗೆ ಕಟ್ಟಿಸಬೇಕಾಗುತ್ತದೆ. ಹೀಗಾಗಿ ನಕ್ಷೆ ಬರೆಸುವ ಮೊದಲೇ ಕಿಟಕಿಯನ್ನು ಕೊಂಡಿಟ್ಟುಕೊಳ್ಳುವುದು ಈ ದಾರಿ ಹಿಡಿದವರ ರೂಢಿ.